ಪರದೆಯ ಪಾಠ, ನೀರುಗಂಟಿಯ ಜಾಡು

ಭಾರತ ಹುಣ್ಣಿಮೆ ಬಂತೆಂದರೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡಕ್ಕೆ ಜನಸಾಗರ. ದೇವಿಯ ದರ್ಶನಕ್ಕೆ ಬಂದವರು ಎಲ್ಲಿಯ ನೀರು ಕುಡಿಯುತ್ತಾರೆ, ಬಹಿರ್ದೆಸೆಗೆ ಎಲ್ಲಿ ಹೋಗುತ್ತಾರೆ, ಮಗುವಿಗೆ ವಾಂತಿಭೇದಿ ಹತ್ತಿದರೆ ಯಾರ ಬಳಿಗೆ ಓಡುತ್ತಾರೆ? ಸಾರ್ವಜನಿಕ ಆರೋಗ್ಯಶಾಸ್ತ್ರ ಕೇಳುವುದು ಇಂಥ ಪ್ರಶ್ನೆಗಳನ್ನೇ. ಈಗ ಅದನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಓದಬಹುದು. ಹಾಗೆ ಓದಿದ್ದು ಜಾತ್ರೆಯ ಬಯಲಲ್ಲಿ ಕೆಲಸಕ್ಕೆ ಬರುತ್ತದೆಯೇ?

ಆನ್‌ಲೈನ್ ಕಲಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೋವಿಡ್ ಹಬ್ಬಿದ್ದ 2020ರ ಮೇ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಸೋಂಕಿತರ ಸಂಪರ್ಕ ಪತ್ತೆಹಚ್ಚುವ ಕೋರ್ಸನ್ನು ಕೋರ್ಸೆರಾ ಎಂಬ ಕಲಿಕಾ ಜಾಲತಾಣದಲ್ಲಿ ಉಚಿತವಾಗಿ ಕೊಟ್ಟಿತು. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ನಲ್ಲೂ ಪಾಠ ಕೇಳಲು ಶುಲ್ಕವಿಲ್ಲ. ನೌಕರಿ, ಸಂಸಾರ ಬಿಟ್ಟು ಬೆಂಗಳೂರಿಗೆ ಹೋಗಲಾಗದ ಕೊಟ್ಟೂರಿನ ನರ್ಸಿಗೆ, ಕೂಡ್ಲಿಗಿಯ ಆರೋಗ್ಯ ನಿರೀಕ್ಷಕರಿಗೆ ಇದು ನಿಜವಾದ ಅನುಕೂಲ.

ಆದರೆ 2021ರ ಮಕರಬ್ಬಿಯನ್ನು ಮರೆಯಬಾರದು. ಹೂವಿನಹಡಗಲಿ ತಾಲ್ಲೂಕಿನ ಆ ಊರಲ್ಲಿ ಕಲುಷಿತ ನೀರು ಕುಡಿದು ಬಹಳ ಜನ ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳೆದುಕೊಂಡರು. ನೀರು ಕೆಟ್ಟರೆ ರೋಗ ಬರುತ್ತದೆಂಬುದು ಯಾವ ಕೋರ್ಸಿನಲ್ಲಾದರೂ ಮೊದಲ ಪಾಠ. ಊರ ಪೈಪು ಎಲ್ಲಿ ಚರಂಡಿ ದಾಟುತ್ತದೆ, ಎಲ್ಲಿ ಸೋರುತ್ತದೆ ಎಂಬುದು ಮಾತ್ರ ಊರಿಗೆ ನೀರು ಬಿಡುವ ನೀರುಗಂಟಿಗೇ ಗೊತ್ತು. ನಲ್ಲಿಯ ನೀರನ್ನು ಗಾಜಿನ ನಳಿಕೆಗೆ ಹಿಡಿದು ಓಟಿ (ಆರ್ಥೊಟಾಲಿಡಿನ್) ದ್ರಾವಣದ ಹನಿ ಬಿಟ್ಟರೆ, ರೋಗಾಣು ಕೊಲ್ಲಲು ಬೆರೆಸಿದ ಕ್ಲೋರಿನ್ ಉಳಿದಿದ್ದರೆ ಹಳದಿ ಬಣ್ಣ ಏಳುತ್ತದೆ. ಊರ ಕೊನೆಯ ನಲ್ಲಿಯಲ್ಲಿ ಹಳದಿ ಏಳದಿದ್ದಾಗ ನೀರುಗಂಟಿಯನ್ನು ಕರೆದುಕೊಂಡು ಟ್ಯಾಂಕಿನವರೆಗೆ ಪೈಪಿನ ಜಾಡು ಹಿಡಿದು ನಡೆಯಬೇಕು. ಆ ನಡಿಗೆಯನ್ನು ವಿಡಿಯೊ ಕಲಿಸದು.

ಇದು ಹಳ್ಳಿಗಷ್ಟೇ ಸೇರಿದ ಮಾತಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಎದ್ದಾಗ ಡಾ. ಜಾನ್ ಸ್ನೋ ಸಾವುಗಳನ್ನು ಲೆಕ್ಕಹಾಕಿ ಬೀದಿಯ ಪಂಪಿನ ಕಡೆ ಬೆರಳು ತೋರಿದರು. ಆ ವಾದವನ್ನು ಮೊದಲು ಒಪ್ಪದಿದ್ದ ಪಾದ್ರಿ ಹೆನ್ರಿ ವೈಟ್‌ಹೆಡ್, ತಮಗೆ ಪರಿಚಯವಿದ್ದ ಮನೆಮನೆಗೂ ಹೋಗಿ ವಿಚಾರಿಸಿದರು. ಪಂಪಿನ ಪಕ್ಕದ ಮನೆಯಲ್ಲಿ ಭೇದಿಯಾಗಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರು ಬಾವಿಗೆ ಸೇರಿದ ದಾರಿ ಕೊನೆಗೆ ಗೊತ್ತಾದದ್ದು ಅವರ ವಿಚಾರಣೆಯಿಂದ. ಲೆಕ್ಕವನ್ನು ಪರದೆ ಕಲಿಸಬಲ್ಲದು. ಮನೆಯವರು ಬಾಯಿಬಿಟ್ಟು ಹೇಳುವಷ್ಟು ನಂಬಿಕೆ ಗಳಿಸುವುದನ್ನು ಹೊಸ್ತಿಲಲ್ಲೇ ಕಲಿಯಬೇಕು.

ಆದ್ದರಿಂದ ಆನ್‌ಲೈನ್ ಪದವಿ ಕೊಡುವ ವಿಶ್ವವಿದ್ಯಾಲಯಗಳು ಅರ್ಧ ಅಂಕವನ್ನು ವಿದ್ಯಾರ್ಥಿಯ ಊರಿನ ಕೆಲಸಕ್ಕೇ ಮೀಸಲಿಡಲಿ: ಒಂದು ಜಾತ್ರೆಯ ನೀರು-ನೈರ್ಮಲ್ಯದ ವರದಿ, ಒಂದು ಊರಿನ ಪೈಪಿನ ನಕ್ಷೆ. ಪಾಠಗಳು ಕನ್ನಡದಲ್ಲೂ ಬರಲಿ. ಮನೆಮನೆಯ ಕಷ್ಟಸುಖ ಬಲ್ಲ ಆಶಾ ಕಾರ್ಯಕರ್ತೆ ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ಈ ತರಗತಿಯ ಹೊರಗೆ ಉಳಿಯಬಾರದು.