ಚಪ್ಪಲಿ ಕಾಯೋ ಕೆಲಸ

ಕಳೆದ ಎರಡು ವಾರ ಈ ಕಡೆ ತಲೆ ಹಾಕೋಕೆ ಆಗಲಿಲ್ಲ, ಕ್ಷಮೆ ಇರಲಿ. ರಿಲೀಸ್ ಇತ್ತು. ರಿಲೀಸ್ ಇದ್ದಾಗ ಸಾಫ್ಟ್‌ವೇರಿನವನ ಪಾಡು ಏನು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ನಾನು ಹೇಳಬೇಕಾಗಿಲ್ಲ. ಇನ್ನರ್ಧ ಜನ ನಿಮ್ಮ ಮಗನನ್ನೋ ಸೊಸೆಯನ್ನೋ ಕೇಳಿ ತಿಳಕೊಳ್ಳಿ.

ಈ ಸಲದ ವಿಷಯ ಸ್ವಲ್ಪ ಮಕ್ಕಳಾಟದ್ದು ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಒಬ್ಬ ಇಂಗ್ಲಿಷಿನವನಿದ್ದಾನೆ. ನಲವತ್ತರ ಆಸುಪಾಸು, ಇಲ್ಲೇ ಕ್ರೋಯ್ಡನ್‌ನಲ್ಲಿ ಹುಟ್ಟಿ ಬೆಳೆದವನು. ಮಾತು ಕಡಿಮೆ. ಸರ್ವರ್ ಬಿದ್ದು ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದರೂ ಟೀ ಕಪ್ ಕೆಳಗಿಡದ ಆಸಾಮಿ. ಅಂಥವನು 2022ರ ನವೆಂಬರಿನ ಒಂದು ಸೋಮವಾರ ಕಣ್ಣು ಕೆಂಪಗೆ ಮಾಡಿಕೊಂಡು ಆಫೀಸಿಗೆ ಬಂದ. ಮನೇಲಿ ಯಾರಿಗೋ ಏನೋ ಆಗಿದೆ ಅಂತ ಮೆಲ್ಲಗೆ ವಿಚಾರಿಸಿದೆ. 'ನಿನ್ನೆ ನೆಮೆಸಿಸ್ ಮುಚ್ಚಿದರು' ಅಂದ. ನಾನು ಯಾವುದೋ ಅಂಗಡಿಯೋ, ಪಬ್ಬೋ ಇರಬೇಕು ಅಂದುಕೊಂಡೆ. ನೋಡಿದರೆ ಅದೊಂದು ರೋಲರ್ ಕೋಸ್ಟರ್!

ನಗು ಬಂತು. ಬಾಯಿಮೇಲೆ ಕೈಯಿಟ್ಟುಕೊಂಡು ನಕ್ಕೆ. ಅವನಿಗೆ ಗೊತ್ತಾಯಿತು ಅಂತ ಕಾಣುತ್ತೆ, ಆಮೇಲೆ ಒಂದು ವಾರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ನೆಮೆಸಿಸ್ ಇರೋದು ಸ್ಟಾಫರ್ಡ್‌ಶೈರಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ, ಕ್ರೋಯ್ಡನ್‌ನಿಂದ ಕಾರಿನಲ್ಲಿ ಮೂರು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿ ಮರಗಳ ತಲೆಗಿಂತ ಎತ್ತರಕ್ಕೆ ಏನನ್ನೂ ಕಟ್ಟುವಂತಿರಲಿಲ್ಲ. ಮೇಲಕ್ಕೆ ಹೋಗೋಕೆ ಬಿಡದಿದ್ದರೆ ಕೆಳಕ್ಕೆ ಹೋಗೋಣ ಅಂತ ಜಾನ್ ವಾರ್ಡ್ಲಿ ಮತ್ತು ಅವನ ಜತೆಯವರು ಬಂಡೆ ಸಿಡಿಸಿ, ಗುಂಡಿ ತೋಡಿ, 1994ರಲ್ಲಿ ಅದರೊಳಗೆ ಹಳಿ ಕೂರಿಸಿದರು. ಎಂಜಿನಿಯರ್ ಆದವನಿಗೆ ಇಷ್ಟು ಕೇಳಿದರೇ ಒಂಥರಾ ಗೌರವ ಬರುತ್ತೆ. ಇಪ್ಪತ್ತೆಂಟು ವರ್ಷ ಓಡಿ ಹಳಿ ಸವೆದಿತ್ತು. ಬಹುಪಾಲು ಕಿತ್ತು ಹೊಸದು ಹಾಕಿ, ಅದೇ ದಾರಿಯಲ್ಲಿ 2024ರ ಮಾರ್ಚಿನಲ್ಲಿ ಮತ್ತೆ ಶುರು ಮಾಡಿದರು. ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರ ಮಾಡ್ತಾರಲ್ಲ, ಹಾಗೆ. ಊರಿನ ಹಿರಿಯರು 'ಹೊಸ ಗುಡೀಲಿ ದೇವರು ಮೊದಲಿನ ಹಾಗೇ ಇರ್ತಾನಾ?' ಅಂತ ಚಡಪಡಿಸೋದನ್ನ ನೀವೂ ನೋಡಿರ್ತೀರಿ. ಇವನ ಚಡಪಡಿಕೆಯೂ ಅದೇ.

ಮಾತು ಮತ್ತೆ ಶುರುವಾದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. ಎರಡು ನಿಮಿಷವೂ ಇಲ್ಲದ ಸವಾರಿಗೆ ಅಳೋದು ಯಾಕೆ ಮಾರಾಯ ಅಂತ. ಅವನು ಸವಾರಿ ಬಗ್ಗೆ ಹೇಳಲೇ ಇಲ್ಲ, ಕ್ಯೂ ಬಗ್ಗೆ ಹೇಳಿದ. ಹದಿನಾಲ್ಕು ವಯಸ್ಸಿಗೆ ಅಲ್ಲಿ ಕ್ಯೂನಲ್ಲಿ ನಿಂತಿದ್ದಾಗ ಮೂವರು ಪರಿಚಯ ಆದರಂತೆ. ಇವತ್ತಿಗೂ ಅವರೇ ಗೆಳೆಯರು. ಒಬ್ಬನಿಗೆ ಕೆಲಸ ಹೋಗಿದ್ದು, ಇನ್ನೊಬ್ಬನ ವಿಚ್ಛೇದನ, ಇವನ ಮೊದಲ ಮಗು, ಎಲ್ಲ ಮಾತೂ ಆಗಿದ್ದು ಅದೇ ಕ್ಯೂನಲ್ಲಿ. ಒಂದು ಗಂಟೆ ಅಲ್ಲಾಡದೆ ನಿಂತಿರಬೇಕು, ಎಲ್ಲಿಗೂ ಎದ್ದು ಹೋಗೋ ಹಾಗಿಲ್ಲ. ಗಂಡಸರು ಇನ್ನೆಲ್ಲಿ ಅಷ್ಟು ಹೊತ್ತು ಮಾತಾಡ್ತಾರೆ ಹೇಳಿ? ಅಯ್ಯೋ, ಇದು ನಮ್ಮೂರಿನ ಅರಳಿಕಟ್ಟೆ ಕಣ್ರೀ! ಹಳಿ, ಗಾಲಿ ಎಲ್ಲ ನೆಪ ಮಾತ್ರ.

ಇದಕ್ಕೆ ಮನಃಶಾಸ್ತ್ರದಲ್ಲಿ ಒಂದು ಉತ್ತರ ಇದೆ. ಡೇನಿಯಲ್ ಕಾನೆಮನ್ ಅನ್ನೋ ನೊಬೆಲ್ ಪಡೆದ ಮಹಾಶಯ ಹೇಳಿದ್ದು: ಒಂದು ಅನುಭವ ಎಷ್ಟು ಹೊತ್ತಿನದು ಅನ್ನೋದನ್ನ ನೆನಪು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ. ಅದರ ತುತ್ತತುದಿ ಹೇಗಿತ್ತು, ಕೊನೆ ಹೇಗಿತ್ತು, ಹೆಚ್ಚಾಗಿ ಅವೆರಡರ ಮೇಲೇ ತೀರ್ಮಾನ ಮಾಡುತ್ತೆ. ಹಾಗಾಗಿ ಬಿಸಿಲಲ್ಲಿ ನಿಂತಿದ್ದು, ದುಡ್ಡು ಹೋಗಿದ್ದು ಮರೆತುಹೋಗಿ, ಮೇಲಿಂದ ಬಿದ್ದ ಆ ಮೂರು ಸೆಕೆಂಡು ಉಳಿಯುತ್ತೆ. ಒಪ್ಪಿದೆ. ಆದರೆ ನಮ್ಮೂರ ಜಾತ್ರೆಯ ಜೈಂಟ್ ವೀಲೂ ಎದೆ ಝಲ್ ಅನ್ನಿಸುತ್ತಿತ್ತು, ಅದಕ್ಕೆ ಯಾರೂ ಅತ್ತಿದ್ದು ನಾನು ಕಾಣೆ. ಬಹುಶಃ ಜಾತ್ರೆ ಮೂರು ದಿನಕ್ಕೆ ಕಿತ್ತುಕೊಂಡು ಮುಂದಿನ ಊರಿಗೆ ಹೋಗುತ್ತೆ. ಪಾರ್ಕು ಇದ್ದಲ್ಲೇ ಇರುತ್ತೆ. ನೀವು ದಪ್ಪ ಆಗಿ, ಕೂದಲು ಉದುರಿಸಿಕೊಂಡು ವಾಪಸ್ ಹೋದರೂ ಅದೇ ತಿರುವಿನಲ್ಲಿ ಅದೇ ಹಳಿ. ಚಿಕ್ಕವನಾಗಿದ್ದಾಗ ನಿಮ್ಮನ್ನ ನೋಡಿದ್ದ ಜಾಗ ಅದು.

ಈ ದೇಶದಲ್ಲಿ ಇದಕ್ಕಾಗಿ ಹೋರಾಟವನ್ನೇ ಮಾಡಿದ್ದಾರೆ. ಕೆಂಟ್ ಕರಾವಳಿಯ ಮಾರ್ಗೇಟ್‌ನಲ್ಲಿ ಡ್ರೀಮ್‌ಲ್ಯಾಂಡ್ ಅಂತ ಪಾರ್ಕು. ಅಲ್ಲಿನ 'ಸೀನಿಕ್ ರೈಲ್ವೆ' 1920ರ ಮರದ ರೋಲರ್ ಕೋಸ್ಟರ್, ಬ್ರೇಕು ಹಾಕೋಕೆ ಒಬ್ಬ ಮನುಷ್ಯ ರೈಲಿನ ಜತೆಗೇ ಕೂತು ಹೋಗುವಂಥದ್ದು. 2002ರಲ್ಲಿ ಅದನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ಮರುವರ್ಷವೇ ಪಾರ್ಕು ಮುಚ್ಚುವ ಸುದ್ದಿ ಬಂತು. ಪ್ರೇಮಿಗಳು 'ಸೇವ್ ಡ್ರೀಮ್‌ಲ್ಯಾಂಡ್' ಅಂತ ಚಳವಳಿ ಕಟ್ಟಿದರು. 2008ರಲ್ಲಿ ಬೆಂಕಿ ಬಿದ್ದು ಅದರ ಒಂದು ಭಾಗ ಸುಟ್ಟುಹೋಯಿತು. ಆದರೂ ಬಿಡಲಿಲ್ಲ. 2015ರಲ್ಲಿ ಪಾರ್ಕು ಮತ್ತೆ ಬಾಗಿಲು ತೆರೆಯಿತು, ಅದೇ ವರ್ಷ ಆ ಮರದ ರೈಲೂ ಓಡಿತು. ಹನ್ನೆರಡು ವರ್ಷದ ಜಗಳ!

ಅಷ್ಟು ದೂರ ಯಾಕೆ, ನಮ್ಮ ಕ್ರೋಯ್ಡನ್‌ನಿಂದ 410 ನಂಬರಿನ ಬಸ್ಸು ಹತ್ತಿದರೆ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕು. ಅಲ್ಲಿ 1854ರಲ್ಲಿ ಮಾಡಿಟ್ಟ ಡೈನೋಸಾರ್ ಬೊಂಬೆಗಳಿವೆ. ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ಆಗಿನ ವಿಜ್ಞಾನಕ್ಕೆ ಎಷ್ಟು ಗೊತ್ತಿತ್ತೋ ಅಷ್ಟು ಸರಿ, ಅಂದರೆ ಬಹಳಷ್ಟು ತಪ್ಪು. ಇಗ್ವಾನೊಡಾನ್‌ನ ಹೆಬ್ಬೆರಳಿನ ಉಗುರನ್ನ ಕೊಂಬು ಅಂದುಕೊಂಡು ಮೂಗಿನ ಮೇಲೆ ಕೂರಿಸಿದ್ದಾರೆ! ಪಕ್ಕದ ಗಾಜಿನ ಅರಮನೆ 1936ರಲ್ಲಿ ಸುಟ್ಟು ಬೂದಿಯಾಯಿತು, ಈ ತಪ್ಪು ಪ್ರಾಣಿಗಳು ಉಳಿದವು. 2007ರಲ್ಲಿ ಇವಕ್ಕೆ ಅತ್ಯುನ್ನತ ದರ್ಜೆಯ ರಕ್ಷಣೆ ಸಿಕ್ಕಿದೆ. ಮೂಗಿನ ಕೊಂಬು ತೆಗೆದು ಸರಿ ಮಾಡಿ ಅಂದರೆ ಇಲ್ಲಿನವರು ಹೊಡೆದೇ ಬಿಡ್ತಾರೆ. ಪ್ರೀತಿಗೆ ಸರಿ ತಪ್ಪಿನ ಲೆಕ್ಕ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಷ್ಟೆಲ್ಲ ತಿಳಿದರೂ ಅದು ನನಗೆ ಬೇರೆಯವರ ಕಥೆಯೇ ಆಗಿತ್ತು. ಹೋದ ತಿಂಗಳು ಅದೇ ಸಹೋದ್ಯೋಗಿ 'ಸುಮ್ಮನೆ ಥಿಯರಿ ಹೊಡೀಬೇಡ, ಬಾ' ಅಂತ ಈಸ್ಟ್ ಕ್ರೋಯ್ಡನ್ ಸ್ಟೇಷನ್ ಹತ್ತಿರ ನನ್ನನ್ನ ಕಾರಿಗೆ ಹತ್ತಿಸಿಕೊಂಡ. ಅವನ ಇಬ್ಬರು ಮಕ್ಕಳ ಜತೆ ಚೆಸ್ಸಿಂಗ್‌ಟನ್‌ಗೆ ಹೋದೆವು. 1931ರಲ್ಲಿ ಮೃಗಾಲಯವಾಗಿ ಶುರುವಾದ ಜಾಗ, 1987ರಿಂದ ಥೀಮ್ ಪಾರ್ಕು. ಅಲ್ಲಿ 'ವ್ಯಾಂಪೈರ್' ಅಂತ 1990ರ ಒಂದು ರೈಡು, ಹಳಿ ತಲೆ ಮೇಲೆ, ನಾವು ಕೆಳಗೆ ಜೋತಾಡೋದು. ಒಂದು ಸುತ್ತು ಹೋಗಿ ಬಂದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂದಿತ್ತು. 'ನೀವು ಹೋಗ್ರಪ್ಪ' ಅಂದೆ. ಅವರು ಬ್ಯಾಗು, ಜಾಕೆಟ್ಟು, ಚಿಕ್ಕ ಹುಡುಗಿಯ ಟೋಪಿ ಎಲ್ಲ ನನ್ನ ತೊಡೆ ಮೇಲೆ ಹೇರಿ ಓಡಿದರು.

ಬೆಂಚಿನ ಮೇಲೆ ಕೂತು ಮೇಲೆ ನೋಡಿದೆ. ಆ ರೈಡಿನಲ್ಲಿ ಕೆಳಗಿನಿಂದ ನೋಡಿದರೆ ಜನ ಕಾಣಲ್ಲ, ಕಾಲು ಕಾಣುತ್ತೆ. ಸಾಲಾಗಿ ತೂಗಾಡೋ ಕಾಲುಗಳಲ್ಲಿ ಆ ಹುಡುಗಿಯ ಹಳದಿ ಬೂಟು ಯಾವುದು ಅಂತ ಹುಡುಕುತ್ತಾ ಇದ್ದೆ. ಇಂಥ ಬೆಂಚಿನ ಮೇಲೆ ಹೀಗೇ ಕೂತವರನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು.

2008. ನಾನು ಆರನೇ ಕ್ಲಾಸು. ಬಿಡದಿಯ ವಂಡರ್‌ಲಾ ಶುರುವಾಗಿ ಮೂರು ವರ್ಷ ಆಗಿತ್ತು. ನಮ್ಮನೆ ಸ್ಟೆಬಿಲೈಜರ್ ಮೇಲೆ ಬರೆದಿದ್ದ ವಿ-ಗಾರ್ಡ್ ಕಂಪನಿಯವರದೇ ಪಾರ್ಕು ಅಂತ ಅಕ್ಕ ಹೇಳಿದಾಗ ನಾನು ನಂಬಿರಲಿಲ್ಲ. ಮಂಡ್ಯದಿಂದ ಬೆಳಿಗ್ಗೆ ಕೆಂಪು ಬಸ್ಸು, ಬಿಡದಿಯಲ್ಲಿ ತಟ್ಟೆ ಇಡ್ಲಿ, ಅಲ್ಲಿಂದ ಆಟೋ. ಅಪ್ಪ, ಅಮ್ಮ, ಅಕ್ಕ, ನಾನು. ಸಂಜೆವರೆಗೂ ವೇವ್ ಪೂಲು, ರೇನ್ ಡಾನ್ಸು, ತಿರುಗೋದು, ಬೀಳೋದು. ಅಪ್ಪ ಮಾತ್ರ ಒಂದಕ್ಕೂ ಹತ್ತಲಿಲ್ಲ. ನಮ್ಮ ನಾಲ್ಕು ಜೊತೆ ಚಪ್ಪಲಿ, ಅಮ್ಮನ ಬ್ಯಾಗು, ನನ್ನ ಕನ್ನಡಕ ಇಟ್ಟುಕೊಂಡು ಬೆಂಚಿನಿಂದ ಬೆಂಚಿಗೆ ನಮ್ಮ ಹಿಂದೆ ಬಂದರು. ಅಪ್ಪನಿಗೆ ಪುಕ್ಕಲು ಅಂತ ನಾನೂ ಅಕ್ಕನೂ ಮದುವೆ ಮನೆಗಳಲ್ಲೆಲ್ಲ ಹೇಳಿಕೊಂಡು ನಕ್ಕಿದ್ದೇವೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಕ್ಕಿದ್ದೇವೆ.

ವಾಲ್ಟ್ ಡಿಸ್ನಿ ಕೂಡ ಹೀಗೇ ಕೂತಿದ್ದವನಂತೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳು ಮೆರ್ರಿ-ಗೋ-ರೌಂಡ್ ಆಡುವಾಗ ತಾನು ಬೆಂಚಿನ ಮೇಲೆ ಕಡಲೆಕಾಯಿ ತಿಂತಾ ಕೂತಿರುತ್ತಿದ್ದೆ, ಅಪ್ಪ-ಅಮ್ಮ-ಮಕ್ಕಳು ಒಟ್ಟಿಗೆ ಆಡುವ ಜಾಗ ಒಂದಿರಬೇಕು ಅಂತ ಆಗ ಹೊಳೆಯಿತು ಅಂತ ಅವನೇ ಹೇಳಿಕೊಂಡಿದ್ದ. 1955ರ ಜುಲೈನಲ್ಲಿ ತೆರೆದ ಡಿಸ್ನಿಲ್ಯಾಂಡಿನ ಮೂಲ ಆ ಬೆಂಚು. ನಮ್ಮಪ್ಪನಿಗೆ ಬೆಂಚಿನ ಮೇಲೆ ಏನು ಹೊಳೆದಿತ್ತು ಅಂತ ಒಂದು ದಿನವೂ ಕೇಳಿರಲಿಲ್ಲ ನಾನು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಊರಲ್ಲಿ ಬೆಳಗಾಗೋದನ್ನೇ ಕಾದು ಫೋನ್ ಮಾಡಿದೆ. 'ಅಪ್ಪ, ಅವತ್ತು ಬಿಡದೀಲಿ ದಿನಾಪೂರ್ತಿ ಕೂತಿದ್ರಲ್ಲ, ಬೇಜಾರಾಗ್ಲಿಲ್ವಾ?'

ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

'ಬ್ಯಾಸರ ಯಾಕ್ಲಾ ಆಯ್ತದೆ? ಆಗ ಮೂರು ತಿಂಗ್ಳಿಂದ ಸಂಬ್ಳ ಇರ್ಲಿಲ್ಲ ಕಣ್ಮಗ. ಪರೀಕ್ಷೇಲಿ ಫಸ್ಟ್ ಬಂದ್ರೆ ಕರ್ಕೊಂಡೋಯ್ತೀನಿ ಅಂತ ನಿಮ್ಮಕ್ಕಂಗೆ ಮಾತು ಕೊಟ್ಬುಟ್ಟಿದ್ದೆ. ಸಾಲ ಮಾಡಿದ್ದೆ. ಮನೇಲಿದ್ರೆ ಬಾಗ್ಲು ಬಡದೋರೆಲ್ಲ ದುಡ್ ಕೇಳೋರೆ. ಅಲ್ಲಿ ನನ್ನ ಯಾರೂ ಏನೂ ಕೇಳ್ಲಿಲ್ಲ. ನೀನು ಮೇಲಿಂದ ಅಪ್ಪಾ ಅಂತ ಕೂಗ್ತಿದ್ದೆ, ಅಷ್ಟು ಜನದಾಗೂ ನಿನ್ ದನಿ ಗೊತ್ತಾಗೋದು. ಚೆನ್ನಾಗಿತ್ತು.'

ಅವತ್ತು ಸಂಬಳ ಇರಲಿಲ್ಲ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು, ಆ ಚಪ್ಪಲಿಗಳ ಥರಾನೇ.

ಕಾನೆಮನ್ ಲೆಕ್ಕ ಇಲ್ಲಿ ಕೈಕೊಡುತ್ತೆ. ಅಪ್ಪನಿಗೆ ಎದೆ ಝಲ್ ಅನ್ನಿಸೋ ತುತ್ತತುದಿ ಯಾವುದೂ ಇರಲಿಲ್ಲ, ಇಡೀ ದಿನ ಬರೀ ಕೂತಿದ್ದು. ಆದರೂ ಅವರಿಗೆ ಆ ದಿನ ಅಷ್ಟು ಚೆನ್ನಾಗಿ ನೆನಪಿದೆ. ಜನ ಅಳೋದು ಹಳಿಗಲ್ಲ ಅಂತ ನನಗೆ ಈಗ ಅನ್ನಿಸುತ್ತೆ. ಎಲ್ಲರೂ ಒಟ್ಟಿಗಿದ್ದು, ಯಾರಿಗೂ ಬೇರೆ ಕೆಲಸ ಇರದಿದ್ದ ದಿನಗಳು ಒಂದು ಸಂಸಾರದಲ್ಲಿ ಎಷ್ಟು ಸಿಗುತ್ತೆ, ನೀವೇ ಎಣಿಸಿ ನೋಡಿ. ಆ ದಿನ ಎಲ್ಲಿ ನಡೆಯಿತೋ ಆ ಜಾಗವನ್ನ ಕಿತ್ತುಹಾಕ್ತೀವಿ ಅಂದರೆ ಕಣ್ಣು ಕೆಂಪಾಗದೆ ಇನ್ನೇನಾಗುತ್ತೆ? ಸೋಮವಾರ ಆಫೀಸಿನಲ್ಲಿ ಮೊದಲು ಮಾಡಿದ ಕೆಲಸ ಅಂದರೆ ಆ ಸಹೋದ್ಯೋಗಿಗೆ 'ಅವತ್ತು ನಕ್ಕಿದ್ದಕ್ಕೆ ಸಾರಿ' ಅಂದಿದ್ದು. 'ನೀನು ಕೆಟ್ಟದಾಗಿ ಮುಚ್ಚಿಟ್ಟಿದ್ದೆ' ಅಂದು ಟೀ ಕುಡಿದ.

ಡಿಸೆಂಬರಿಗೆ ಟಿಕೆಟ್ ಬುಕ್ ಆಗಿದೆ. ಅಪ್ಪನಿಗೆ ಹೇಳಿದ್ದೀನಿ, ಈ ಸಲ ಮತ್ತೆ ಬಿಡದಿಗೆ ಹೋಗೋಣ, ನೀವು ಹತ್ತಿ, ನಾನು ಚಪ್ಪಲಿ ಕಾಯ್ತೀನಿ ಅಂತ.

'ಮಂಡಿ ನೋವು ಕಣ್ಲಾ, ಹತ್ತಕ್ಕಾಗಕಿಲ್ಲ. ಇಬ್ರೂ ಕುಂತ್ಕಂಡು ಕಾಯಾನ ಬಾ' ಅಂದರು.

ಸರಿ, ಅಲ್ಲಿಂದ ಬಂದ ಮೇಲೆ ಬರೀತೀನಿ. ನಿಮ್ಮ ಚಪ್ಪಲಿ ಕಾದವರು ಯಾರು ಅಂತ ಅಷ್ಟರಲ್ಲಿ ನೀವೂ ಒಮ್ಮೆ ನೆನಪು ಮಾಡಿಕೊಳ್ಳಿ. ಆದರೆ ಒಂದು ಫೋನೂ ಮಾಡಿ.