ಕ್ರಾಕೋವಿಗೆ ಹೊರಟವರಿಗೆ ನಾಲ್ಕು ದಿನದ ಲೆಕ್ಕ

ದಾವಣಗೆರೆಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಹಿರಿಯ ಮಗ ಪೋಲೆಂಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಬೇಸಿಗೆ ರಜೆಯಲ್ಲಿ ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗಳು ಮೂವರೂ ಅವನನ್ನು ನೋಡಲು ಹೊರಟಿದ್ದಾರೆ. ಕ್ರಾಕೋವ್ ನಗರಕ್ಕೆ ನಾಲ್ಕು ದಿನ ಸಿಗುತ್ತದಂತೆ. ಈಗಾಗಲೇ ನೋಡಿ ಬಂದಿರುವ ಮಗ, "ಆಶ್‌ವಿಟ್ಜ್ ನೋಡದೆ ವಾಪಸು ಹೋಗಬೇಡಿ" ಎನ್ನುತ್ತಾನೆ. ತಾಯಿಗೆ ಅಳುಕು. "ಸಾಲ ಸೋಲ ಮಾಡಿ ಅಷ್ಟು ದೂರ ಹೋಗಿ ಜನರನ್ನು ಕೊಂದ ಜಾಗ ನೋಡಬೇಕೆ? ನೋಡಿ ಬಂದ ಮೇಲೆ ಊಟ ಸೇರುತ್ತದೆಯೆ? ಚಿಕ್ಕವಳನ್ನು ಕರೆದೊಯ್ಯಬಹುದೆ?" ಕೊನೆಯಲ್ಲಿ ಇನ್ನೊಂದು ಸಾಲು: "ನಾವು ಸಸ್ಯಾಹಾರಿಗಳು. ಅಲ್ಲಿ ತಿನ್ನುವುದೇನು?"

ಮೂರು ಪ್ರಶ್ನೆಗಳೂ ನ್ಯಾಯವಾದವೇ. ಮೊದಲು ಮಗಳ ವಿಷಯ. ಆಶ್‌ವಿಟ್ಜ್ ಮ್ಯೂಸಿಯಂನವರೇ 14 ವರ್ಷದೊಳಗಿನ ಮಕ್ಕಳನ್ನು ಕರೆತರದಿರುವುದು ಒಳ್ಳೆಯದು ಎಂದು ಹೇಳುತ್ತಾರೆ. ಆ ಮಾತನ್ನು ಪಾಲಿಸಿ. ಹಾಗೆಂದು ನೀವಿಬ್ಬರೂ ಬಿಡಬೇಕಾಗಿಲ್ಲ. ಅಣ್ಣ ಹೇಗೂ ನೋಡಿದ್ದಾನೆ. ಅಂದು ತಂಗಿ ಅವನ ಜೊತೆಗಿರಲಿ, ನೀವು ಗಂಡ-ಹೆಂಡತಿ ಹೋಗಿ ಬನ್ನಿ.

ಆದರೆ ಒಂದು ಮಾತು. ವಿಮಾನ ಇಳಿದ ಮರುದಿನವೇ ಅಲ್ಲಿಗೆ ಓಡಬೇಡಿ. ಕಳೆದುಹೋದದ್ದು ಏನು ಎಂದು ತಿಳಿಯದೆ, ಕಳೆದುಹೋದ ಜಾಗ ನೋಡಿದರೆ ಉಳಿಯುವುದು ಭಯ ಮಾತ್ರ. ಮೊದಲು ಜನ ಬದುಕಿದ ಊರನ್ನು ನೋಡಿ. ನಾನು ಹಾಕಿಕೊಡುವ ಲೆಕ್ಕಕ್ಕೆ ಇದೇ ಆಧಾರ.

ಮೊದಲ ದಿನ ಹಳೆಯ ಪಟ್ಟಣ. 1257ರಲ್ಲಿ ರೂಪುಗೊಂಡ ಅದರ ದೊಡ್ಡ ಚೌಕದ ಒಂದೊಂದು ಬದಿಯೂ ಸುಮಾರು 200 ಮೀಟರ್. ನಡುವೆ ಹಳೆಯ ಬಟ್ಟೆ ಮಾರುಕಟ್ಟೆ, ಮೂಲೆಯಲ್ಲಿ ಸೇಂಟ್ ಮೇರಿ ಚರ್ಚು. ಗಂಟೆಗೊಮ್ಮೆ ಅದರ ಗೋಪುರದಿಂದ ಕಹಳೆ ಊದುತ್ತಾರೆ. ರಾಗ ಅರ್ಧಕ್ಕೇ ತಟ್ಟನೆ ನಿಲ್ಲುತ್ತದೆ. ತಾತಾರರು ದಂಡೆತ್ತಿ ಬಂದಾಗ ಎಚ್ಚರಿಸಲು ಕಹಳೆ ಊದಿದ ಕಾವಲುಗಾರನ ಗಂಟಲಿಗೆ ಬಾಣ ನಾಟಿತು, ಅದಕ್ಕೇ ಅಲ್ಲಿಗೆ ನಿಲ್ಲಿಸುತ್ತಾರೆ ಎಂಬುದು ಊರಿನ ಕಥೆ. ಮಗಳಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಅಲ್ಲಿಂದ ನಡೆದೇ ಯಾಗೆಲೋನಿಯನ್ ವಿಶ್ವವಿದ್ಯಾಲಯಕ್ಕೆ ಹೋಗಬಹುದು. 1364ರಲ್ಲಿ ಸ್ಥಾಪನೆಯಾದದ್ದು, ಕೋಪರ್ನಿಕಸ್ ಓದಿದ್ದು ಇಲ್ಲಿಯೇ. ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಸಂಗತಿಯೂ ಇಲ್ಲಿದೆ. ಊರು ಜರ್ಮನರ ವಶವಾದ ಮೇಲೆ 1939ರ ನವೆಂಬರ್ 6ರಂದು ಇಲ್ಲಿನ ಅಧ್ಯಾಪಕರನ್ನೆಲ್ಲ ಒಂದು ಉಪನ್ಯಾಸ ಕೇಳಲು ಬನ್ನಿ ಎಂದು ಕರೆಸಲಾಯಿತು. ಉಪನ್ಯಾಸ ನಡೆಯಲಿಲ್ಲ. 180ಕ್ಕೂ ಹೆಚ್ಚು ಮಂದಿಯನ್ನು ಅಲ್ಲೇ ಬಂಧಿಸಿ ಜರ್ಮನಿಯ ಸೆರೆಶಿಬಿರಕ್ಕೆ ಸಾಗಿಸಿದರು. ಕೆಲವರು ಬದುಕಿ ಬರಲಿಲ್ಲ. ಆದರೂ ಪಾಠ ನಿಲ್ಲಲಿಲ್ಲ. ಬಚ್ಚಿಟ್ಟುಕೊಂಡು, ಮನೆಗಳಲ್ಲಿ ನಡೆಯಿತು. ಹಾಜರಿ ಕಡಿಮೆಯಾಯಿತೆಂದು ಗೊಣಗುವ ನಮ್ಮ ಹುಡುಗರಿಗೆ ಒಮ್ಮೆ ಇದನ್ನು ಹೇಳಿ.

ಅಂದಿನ ಊಟಕ್ಕೆ 'ಬಾರ್ ಮ್ಲೆಚ್ನಿ' ಹುಡುಕಿ. ಹೆಸರು ಕೇಳಿ ಹೆದರಬೇಡಿ. ಪದದ ಅರ್ಥ ಹಾಲಿನ ಹೋಟೆಲು. ನಮ್ಮ ದರ್ಶಿನಿಗಳ ಹಾಗೆ ಕೌಂಟರಿನಲ್ಲಿ ದುಡ್ಡು ಕೊಟ್ಟು ತಟ್ಟೆ ತೆಗೆದುಕೊಳ್ಳುವ, ವಿದ್ಯಾರ್ಥಿಗಳ ಜೇಬಿಗೆ ಭಾರವಾಗದ ಜಾಗ. ಅಲ್ಲಿ 'ಪ್ಯೆರೋಗಿ ರುಸ್ಕಿಯೆ' ಕೇಳಿ. ಆಲೂಗಡ್ಡೆ, ಹಸಿ ಚೀಸು ತುಂಬಿ ನೀರಿನಲ್ಲಿ ಬೇಯಿಸಿದ್ದು; ಆಕಾರ ಥೇಟ್ ನಮ್ಮ ಕರ್ಜಿಕಾಯಿ. ಮೇಲೆ ಹುರಿದ ಈರುಳ್ಳಿಯ ಜೊತೆ ಕೆಲವೊಮ್ಮೆ ಹಂದಿ ಕೊಬ್ಬಿನ ಚೂರುಗಳನ್ನೂ ಉದುರಿಸುತ್ತಾರೆ, ಆದ್ದರಿಂದ ಮೊದಲೇ 'ಬೆಜ್ ಮ್ಯೆನ್ಸಾ' ಎನ್ನಿ. ಮಾಂಸ ಬೇಡ ಎಂದರ್ಥ. ಎಲೆಕೋಸು-ಅಣಬೆಯ ಹೂರಣ, ಹಣ್ಣಿನ ಸಿಹಿ ಹೂರಣದವೂ ಉಂಟು. ಆಲೂಗಡ್ಡೆ ದೋಸೆಯಂಥ 'ಪ್ಲಾತ್ಸ್ಕಿ' ಕೂಡ ಚೆನ್ನಾಗಿರುತ್ತದೆ. ಇವುಗಳ ಹಿಟ್ಟಿಗೆ ಮೊಟ್ಟೆ ಹಾಕುವುದುಂಟು. ಮೊಟ್ಟೆ ಮುಟ್ಟದವರು ವಿಚಾರಿಸಿಕೊಳ್ಳಬೇಕು. ಹುಳಿ ಹಿಟ್ಟಿನ 'ಜುರೆಕ್' ಸಾರಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ, ಬೇಡ.

ಎರಡನೆಯ ದಿನ ಕಾಜಿಮ್ಯೆಜ್ ಬಡಾವಣೆ. ಶತಮಾನಗಳ ಕಾಲ ಯಹೂದಿಗಳು ಬಾಳಿದ ಕೇರಿ ಇದು. ಎರಡನೆಯ ಮಹಾಯುದ್ಧಕ್ಕೆ ಮೊದಲು ಕ್ರಾಕೋವಿನಲ್ಲಿ 60 ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು, ಅಂದರೆ ಊರಿನ ನಾಲ್ವರಲ್ಲಿ ಒಬ್ಬರು. ಅವರ ಪ್ರಾರ್ಥನಾ ಮಂದಿರಗಳು, ಹಳೆಯ ಸ್ಮಶಾನ ಈಗಲೂ ಇವೆ. ಮಧ್ಯಾಹ್ನ 'ಪ್ಲಾತ್ಸ್ ನೋವಿ' ಎಂಬ ಚೌಕದಲ್ಲಿ 'ಜಪ್ಯೆಕಾಂಕಾ' ತಿನ್ನಿ. ಉದ್ದಕ್ಕೆ ಸೀಳಿದ ಬ್ರೆಡ್ಡಿನ ಮೇಲೆ ಅಣಬೆ, ಚೀಸು ಹಾಕಿ ಸುಟ್ಟ ತಿಂಡಿ. ಒಂದರಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ.

ಊಟವಾದ ಮೇಲೆ ವಿಸ್ತುಲಾ ನದಿಯ ಕಾಲುಸೇತುವೆ ದಾಟಿ ಪೊದ್‌ಗುಜೆಗೆ ನಡೆಯಿರಿ. 1941ರ ಮಾರ್ಚಿನಲ್ಲಿ ಯಹೂದಿಗಳನ್ನು ಮನೆ ಬಿಡಿಸಿ ಗೋಡೆಯೊಳಗೆ ಕೂಡಿದ್ದು ಇಲ್ಲಿ. 1943ರ ಮಾರ್ಚ್ 13 ಮತ್ತು 14ರಂದು ಆ ಕೇರಿಯನ್ನೇ ಬರಿದು ಮಾಡಿದರು. ಜನರನ್ನು ಸಾಗಿಸಲು ಸೇರಿಸುತ್ತಿದ್ದ ಚೌಕದಲ್ಲಿ ಈಗ ಸುಮಾರು 70 ಲೋಹದ ಕುರ್ಚಿಗಳಿವೆ. ಕುಳಿತುಕೊಳ್ಳುವವರು ಇಲ್ಲದ ಕುರ್ಚಿಗಳು. ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚು ತೋರಿಸಬೇಕಾಗಿಲ್ಲ. ಅದೇ ಚೌಕದ ಮೂಲೆಯಲ್ಲಿ ಒಂದು ಔಷಧಿ ಅಂಗಡಿ ಇತ್ತು, ಈಗ ಮ್ಯೂಸಿಯಂ. ತದೇವುಶ್ ಪಾಂಕ್ಯೆವಿಚ್ ಎಂಬಾತ ಅದರ ಮಾಲೀಕ. ಯಹೂದಿಯಲ್ಲದಿದ್ದರೂ ಅಂಗಡಿ ಬಿಟ್ಟು ಹೋಗದೆ ಒಳಗಿನವರಿಗೆ ಔಷಧಿ ಕೊಟ್ಟ. ಮುದುಕರೆಂದು ಆರಿಸಿ ಸಾಗಿಸದಿರಲೆಂದು ಕೂದಲಿನ ಬಣ್ಣವನ್ನೂ ಕೊಟ್ಟ. ಮಗಳಿಗೆ ಈತನ ಕಥೆ ಮರೆಯದೆ ಹೇಳಿ.

ಮೂರನೆಯ ದಿನ ಒಶ್ವಿಯೆಂಚಿಮ್. ಆಶ್‌ವಿಟ್ಜ್ ಎಂಬುದು ಈ ಊರಿಗೆ ಜರ್ಮನರಿಟ್ಟ ಹೆಸರು. ಕ್ರಾಕೋವಿನ ಮುಖ್ಯ ನಿಲ್ದಾಣದಿಂದ ರೈಲಿದೆ, ಪಕ್ಕದಲ್ಲೇ ಬಸ್ಸಿದೆ; ಒಂದೂವರೆ-ಎರಡು ಗಂಟೆಯ ದಾರಿ. ಪ್ರವೇಶಕ್ಕೆ ಶುಲ್ಕವಿಲ್ಲ, ಆದರೆ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಮೊದಲೇ ದಿನ, ಸಮಯ ಕಾದಿರಿಸಬೇಕು. ಮಾರ್ಗದರ್ಶಿ ಬೇಕಾದರೆ ಹಣ ಕೊಡಬೇಕು. ಮೊದಲ ಸಲಕ್ಕೆ ಮಾರ್ಗದರ್ಶಿ ಇರುವುದೇ ಲೇಸು. ಚೀಟಿಯಲ್ಲಿ ನಿಮ್ಮ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

1940ರಲ್ಲಿ ಶುರುವಾದ ಈ ಶಿಬಿರದಲ್ಲಿ, 1945ರ ಜನವರಿ 27ರಂದು ಸೋವಿಯತ್ ಸೇನೆ ಬರುವ ಹೊತ್ತಿಗೆ, ಸುಮಾರು 11 ಲಕ್ಷ ಜನ ಸತ್ತಿದ್ದರು. ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಈ ಅಂಕಿ ತಲೆಗೆ ಹತ್ತುವುದಿಲ್ಲ. ಹತ್ತುವುದು, ಗಾಜಿನ ಹಿಂದೆ ರಾಶಿ ಬಿದ್ದ ಸೂಟ್‌ಕೇಸುಗಳನ್ನು ಕಂಡಾಗ. ಕಳೆದುಹೋಗದಿರಲೆಂದು ಒಡೆಯರು ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಮೂರು ಕಿಲೋಮೀಟರ್ ಆಚೆ ಬಿರ್ಕೆನೌ ಇದೆ, ಅದನ್ನೂ ನೋಡಿ. ಮ್ಯೂಸಿಯಂನ ಬಸ್ಸು ಉಚಿತ. ಅಲ್ಲಿನ ರೈಲು ಹಳಿಯ ಮೇಲೆ ಕಸರತ್ತು ಮಾಡಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡು ಮ್ಯೂಸಿಯಂನವರೇ 2019ರಲ್ಲಿ ಬೇಡವೆಂದು ಕೇಳಿಕೊಂಡಿದ್ದರು. ನಾವು ಆ ಸಾಲಿಗೆ ಸೇರುವುದು ಬೇಡ.

ಇನ್ನು, ಊಟ ಸೇರುತ್ತದೆಯೆ ಎಂಬ ಪ್ರಶ್ನೆ. ಅಲ್ಲಿನ ಕೈದಿಗೆ ರಾತ್ರಿ ಸಿಗುತ್ತಿದ್ದದ್ದು ಸುಮಾರು 300 ಗ್ರಾಂ ಬ್ರೆಡ್ಡು, ಬೆಳಗಿಗೂ ಅದರಲ್ಲೇ ಉಳಿಸಿಕೊಳ್ಳಬೇಕು. ಅದನ್ನು ಕೇಳಿ ಬಂದ ಮೇಲೆ ಊಟ ಬಿಡುವುದು ಗೌರವವಲ್ಲ. ತಟ್ಟೆಯಲ್ಲಿ ಬಿಡದೆ ಉಣ್ಣುವುದೇ ಗೌರವ. ನಮ್ಮ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆದರೆ ನೆರೆಯವರು ಅನ್ನ ತಂದು ಬಡಿಸುತ್ತಾರೆ. ಅಂದು ಬೆಳಿಗ್ಗೆ ಚೆನ್ನಾಗಿ ತಿಂದು ಹೊರಡಿ. ಕ್ರಾಕೋವಿನ ಬೀದಿ ಗಾಡಿಗಳಲ್ಲಿ ಸಿಗುವ ಬಳೆಯಾಕಾರದ 'ಒಬ್ವಜಾನೆಕ್' ಬ್ರೆಡ್ಡು ನಾಲ್ಕು ಚೀಲದಲ್ಲಿರಲಿ. ಸಂಜೆಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ನಾಲ್ವರೂ ಒಟ್ಟಿಗೆ ಕುಳಿತು ಬಿಸಿಯಾದದ್ದೇನಾದರೂ ಉಣ್ಣಿರಿ.

ಅದೇ ದಿನ ಅಣ್ಣ-ತಂಗಿ ವ್ಯೆಲಿಚ್ಕಾ ಉಪ್ಪಿನ ಗಣಿಗೆ ಹೋಗಿ ಬರಲಿ. ನೆಲದಡಿಯಲ್ಲಿ ಉಪ್ಪನ್ನೇ ಕೊರೆದು ಕಟ್ಟಿದ ಚರ್ಚಿದೆ. ಒಟ್ಟು ಸುಮಾರು 800 ಮೆಟ್ಟಿಲು, ಮೇಲೆ ಬರಲು ಲಿಫ್ಟು. ನಾಲ್ಕನೆಯ ದಿನಕ್ಕೆ ವಾವೆಲ್ ಅರಮನೆ, ನದಿ ದಂಡೆ, ಮಗನ ಜೊತೆ ಹರಟೆ, ಅಷ್ಟೇ.

ಹೊರಡುವ ಮೊದಲು ಎರಡು ಸೂಚನೆ. ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಪೋಲೆಂಡಿನ ಹಣ ಯೂರೋ ಅಲ್ಲ, ಜ್ಲೋತಿ. ಏಪ್ರಿಲ್ ಎಂದರೂ ಅಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು.

ಮೂರನೆಯ ದಿನ ರಾತ್ರಿ ಮಗಳು "ಅಲ್ಲಿ ಏನಿತ್ತು?" ಎಂದು ಕೇಳಿಯೇ ಕೇಳುತ್ತಾಳೆ. ಸುಳ್ಳು ಹೇಳಬೇಡಿ, ಎಲ್ಲವನ್ನೂ ಹೇಳಬೇಡಿ. 1939ರ ಡಿಸೆಂಬರ್ 1ರಿಂದ ಕ್ರಾಕೋವಿನಲ್ಲಿ ಹನ್ನೆರಡು ವರ್ಷ ದಾಟಿದ ಪ್ರತಿ ಯಹೂದಿಯೂ ತೋಳಿಗೆ ನೀಲಿ ನಕ್ಷತ್ರದ ಬಿಳಿ ಪಟ್ಟಿ ಕಟ್ಟಬೇಕೆಂದು ಆಜ್ಞೆಯಾಯಿತು, ಮುಂದಿನದಕ್ಕೆಲ್ಲ ದಾರಿ ಮಾಡಿದ್ದು ಇಂಥ ಸಣ್ಣ ಆಜ್ಞೆಗಳು ಎಂದು ಹೇಳಿ. ಹನ್ನೆರಡು ಎಂಬ ಲೆಕ್ಕ ಅವಳಿಗೆ ತಾನಾಗಿ ಅರ್ಥವಾಗುತ್ತದೆ. ಆಗ ಕ್ಲಾಸಿನಲ್ಲಿ ಯಾರನ್ನಾದರೂ ಬೇರೆ ಬೆಂಚಿಗೆ ಕೂರಿಸಿದ್ದು ಅವಳಿಗೆ ನೆನಪಾದರೆ, ನಿಮ್ಮ ಪ್ರವಾಸದ ಖರ್ಚು ಹುಟ್ಟಿತೆಂದೇ ತಿಳಿಯಿರಿ.