ಎಂಟು ಜ್ಞಾನಪೀಠ ಎನ್ನುವ ವೀರನೇ, ಎಷ್ಟು ಓದಿದ್ದೀಯ ಹೇಳು!

ಗೆಳೆಯಾ, ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ನಿನ್ನನ್ನು ಕೇಳುತ್ತಾರೆ: ‘ಓದೋಕೆ ಒಂದು ಒಳ್ಳೆಯ ಕಾದಂಬರಿ ಹೇಳು ಮಾರಾಯಾ.’ ನಿನ್ನ ಬಾಯಿಂದ ಥಟ್ಟನೆ ಬರುವ ಹೆಸರು ಯಾವುದು? ‘ದಿ ಆಲ್ಕೆಮಿಸ್ಟ್’! ಅದಾದ ಮೇಲೆ ಹ್ಯಾರಿ ಪಾಟರ್. ಆಮೇಲೆ ಚೇತನ್ ಭಗತ್. ಐದು ಹೆಸರು ಹೇಳುತ್ತೀಯ, ಹತ್ತು ಹೇಳುತ್ತೀಯ. ಆ ಹತ್ತರಲ್ಲಿ ಕನ್ನಡದ್ದು ಒಂದಾದರೂ ಉಂಟೇ? ಎದೆ ಮುಟ್ಟಿಕೊಂಡು ಹೇಳು.

ನವೆಂಬರ್ ಒಂದು ಬಂದರೆ ಮಾತ್ರ ನಿನ್ನ ವರಸೆಯೇ ಬೇರೆ! ‘ನಮಗೆ ಎಂಟು ಜ್ಞಾನಪೀಠ’ ಎಂದು ಎದೆಯುಬ್ಬಿಸುತ್ತೀಯ. 1967ರಲ್ಲಿ ಕುವೆಂಪು, 1973ರಲ್ಲಿ ಬೇಂದ್ರೆ, 1977ರಲ್ಲಿ ಕಾರಂತ... ಪಟ್ಟಿ ಬಾಯಿಪಾಠ. ಸರಿ, ಅವರ ಒಂದೊಂದು ಪುಸ್ತಕ ಓದಿದ್ದೀಯಾ ಎಂದರೆ ನೆಲ ನೋಡುತ್ತೀಯ. ಊಟ ಮಾಡದೆ ಬರೀ ಎಲೆ ತೋರಿಸಿ ತೇಗುವವನನ್ನು ಏನೆಂದು ಕರೆಯಬೇಕು?

ಇಂಗ್ಲಿಷ್ ಓದಬೇಡ ಎಂದು ನಾವು ಹೇಳುತ್ತಿಲ್ಲ. ಧಾರಾಳವಾಗಿ ಓದು. ಜಗತ್ತಿನ ಯಾವ ಒಳ್ಳೆಯ ಪುಸ್ತಕವೂ ಕನ್ನಡದ ಶತ್ರುವಲ್ಲ. ನಮ್ಮ ಜಗಳ ನಿನ್ನ ಕುರುಡಿನ ಜೊತೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಗ್ಲಿಷಿಗೆ ಹೋಗಿ, ಹೊರದೇಶದವರು ಹೊಗಳಿದ ಮೇಲೆ ನಿನ್ನ ಕಣ್ಣಿಗೆ ಬಿತ್ತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಬಂತು. ಆಗಲೂ ನೀನು ಹುಡುಕಿದ್ದು ಇಂಗ್ಲಿಷಿನ ‘ಹಾರ್ಟ್ ಲ್ಯಾಂಪ್’! ಅದರ ಕಥೆಗಳು 1990ರಿಂದ ಈಚೆಗೆ ಒಂದೊಂದಾಗಿ ಕನ್ನಡದಲ್ಲೇ ಹುಟ್ಟಿದ್ದವಲ್ಲ, ಅಷ್ಟು ವರ್ಷ ಎಲ್ಲಿದ್ದೆ? ಅನುವಾದ ಬೇಕಾದದ್ದು ಕನ್ನಡ ಬಾರದ ನಿನ್ನ ಸಹೋದ್ಯೋಗಿಗೆ. ಅವನಿಗೆ ಕೊಡು, ಅದು ಕನ್ನಡದ ಕೆಲಸವೇ. ಆದರೆ ಕನ್ನಡ ಬಲ್ಲ ನೀನೂ ಅದನ್ನೇ ಓದುವುದೆಂದರೆ, ಅಮ್ಮ ತಟ್ಟಿದ ರೊಟ್ಟಿ ಮನೆಯಲ್ಲಿರುವಾಗ ಹೋಟೆಲಿನಿಂದ ಪಾರ್ಸೆಲ್ ತರಿಸಿದಂತೆ!

‘ಕನ್ನಡ ಓದು ನಿಧಾನವಾಗುತ್ತೆ ಸಾರ್’ ಎನ್ನುತ್ತೀಯ. ಈ ನೆಪಕ್ಕೂ ಔಷಧಿ ಇದೆ. ತೇಜಸ್ವಿಯವರ ‘ಕರ್ವಾಲೊ’ ಹಿಡಿ. ಹಾರುವ ಓತಿಯೊಂದರ ಬೆನ್ನು ಹತ್ತಿ ಕಾಡು ಹೊಕ್ಕ ವಿಜ್ಞಾನಿ. ಊರಿನವರು ಉಪಯೋಗಕ್ಕೆ ಬಾರದವನೆಂದ ಮಂದಣ್ಣನೇ ಅವನಿಗೆ ದಾರಿ ತೋರುವವನು! ಭಾನುವಾರ ಬೆಳಿಗ್ಗೆ ಹಿಡಿದವನು ಮುಗಿಸದೆ ಏಳಲಾರೆ. ಮುಂದಿನ ವಾರ ಕಾರಂತರ ‘ಚೋಮನ ದುಡಿ’. ಎತ್ತು ಇವೆ, ತೋಳಿನಲ್ಲಿ ಬಲವಿದೆ, ಉಳಲು ಅಂಗೈಯಗಲ ನೆಲವಿಲ್ಲ. ಏಕೆ? ಅವನು ಹುಟ್ಟಿದ ಜಾತಿಗೆ ನೆಲ ಉಳುವ ಹಕ್ಕಿಲ್ಲ! 1933ರಲ್ಲಿ ಬಂದ ಪುಸ್ತಕ ಇಂದಿಗೂ ನಿದ್ದೆ ಕೆಡಿಸುತ್ತದೆ.

ಆಫೀಸಿನ ಕಿರುಕುಳದಿಂದ ಬೇಸತ್ತಿದ್ದೀಯಾ? ಯಶವಂತ ಚಿತ್ತಾಲರ ‘ಶಿಕಾರಿ’ ಓದು. ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಸಿಕ್ಕ ಮಿಕದಂತಾದ ನಾಗಪ್ಪನ ಕಥೆ 1979ರದ್ದು. ನಿನ್ನ ಮೀಟಿಂಗ್ ರೂಮಿನಲ್ಲೇ ಕೂತು ಬರೆದಂತಿದೆ. ಹೆಣ್ಣಿನ ಸಂಕಟ ತಿಳಿಯಬೇಕೇ? ಬಾಲವಿಧವೆಯ ಬಾಳು ಹೇಳುವ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ದೇವನೂರ ಮಹಾದೇವರ ‘ಕುಸುಮಬಾಲೆ’ ಕಣ್ಣಿಗೆ ತೊಡಕೆನಿಸಿದರೆ ಗಟ್ಟಿಯಾಗಿ ಓದು. ಅದು ಕಿವಿಯಿಂದ ಒಳಗಿಳಿಯುವ ಕನ್ನಡ. ಇಷ್ಟಾದ ಮೇಲೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹತ್ತು. ದೊಡ್ಡ ಬೆಟ್ಟ, ನಿಜ. ಅಷ್ಟರಲ್ಲಿ ನಿನ್ನ ಕಾಲೂ ಗಟ್ಟಿಯಾಗಿರುತ್ತದೆ.

ಹೆಗಲ ಮೇಲೆ ಶಾಲು ಹೊದ್ದ ನಮ್ಮವರಿಗೂ ಒಂದು ಮಾತು. ನೀವು ಹಿಡಿದಿರುವ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿ ಯಾರು? ಪತ್ತೇದಾರಿ ಕಾದಂಬರಿಕಾರ! ಬೆಂಗಳೂರಿನ ಬೀದಿಯಲ್ಲಿ ಕನ್ನಡ ಚಳವಳಿಯ ಮುಂಚೂಣಿಯಲ್ಲಿ ನಿಂತ ಅ.ನ.ಕೃ. ಯಾರು? ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು! ಅವರಿಗೂ ಮೊದಲು ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಅವರೆಲ್ಲ ಓದುಗರನ್ನು ಹುಟ್ಟಿಸಿದರು. ನಾವು? ಬೋರ್ಡಿನ ಮೇಲಿನ ಕನ್ನಡಕ್ಕಾಗಿ ಜಗಳವಾಡುತ್ತೇವೆ. ಆಡಲೇಬೇಕು. ಆದರೆ ಪುಸ್ತಕದೊಳಗಿನ ಕನ್ನಡ ಧೂಳು ತಿನ್ನುತ್ತಿದ್ದರೆ ಬೋರ್ಡು ಯಾರಿಗಾಗಿ? ಓದುವವರಿಲ್ಲದಿದ್ದರೆ ಪ್ರಕಾಶಕ ಮರುಮುದ್ರಣ ಮಾಡುವುದಿಲ್ಲ. ಮರುಮುದ್ರಣವಾಗದ ಪುಸ್ತಕ ಸದ್ದಿಲ್ಲದೆ ಸಾಯುತ್ತದೆ. ಅದನ್ನು ಕೊಂದವರು ಹೊರಗಿನವರಲ್ಲ, ನಾವೇ!

ಆದ್ದರಿಂದ ಗೆಳೆಯಾ, ಘೋಷಣೆ ಬೇಡ, ಒಂದು ಸಣ್ಣ ಕೆಲಸ ಮಾಡು. ಈ ತಿಂಗಳು ಕನ್ನಡದ ಒಂದೇ ಒಂದು ಕಾದಂಬರಿ ಕೊಳ್ಳು. ಓದು. ಮುಗಿದ ಮೇಲೆ ಕಪಾಟಿನಲ್ಲಿ ಹೂಳಬೇಡ, ಇನ್ನೊಬ್ಬನ ಕೈಗಿಡು. ರಟ್ಟಿನ ಒಳಗೆ ನಿನ್ನ ಹೆಸರು ಬರೆ. ಅವನು ಓದಿ ತನ್ನ ಹೆಸರು ಬರೆದು ಮೂರನೆಯವನಿಗೆ ದಾಟಿಸಲಿ. ಆ ಹೆಸರುಗಳ ಸಾಲು ಬೆಳೆಯುತ್ತಾ ಹೋದರೆ ಅದಕ್ಕಿಂತ ದೊಡ್ಡ ಮೆರವಣಿಗೆ ಬೇಕೇ?

ನಾಳೆ ಕ್ಯಾಂಟೀನಿನಲ್ಲಿ ಮತ್ತೆ ಯಾರಾದರೂ ‘ಒಂದು ಒಳ್ಳೆಯ ಕಾದಂಬರಿ ಹೇಳು’ ಎಂದು ಕೇಳುತ್ತಾರೆ. ಬರೀ ಹೆಸರು ಹೇಳಬೇಡ. ಚೀಲದಿಂದ ಪುಸ್ತಕ ತೆಗೆದು ಅವರ ಕೈಗೇ ಕೊಡು!